ಮರಗಳ ಕೆಳಗಿನ ಕೋಟೆ

ನಾನು ನೋಡಿದಷ್ಟು ಬೆಟ್ಟ, ಹೊಳೆ, ಕಾಡು, ಊರುಗಳನ್ನು ದೇಶ ಸುತ್ತುವವರೂ ನೋಡಿರಲಿಕ್ಕಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಜಾಗಗಳಿಗೆ ನಾನು ಕಾಲಿಟ್ಟಿಲ್ಲ. ಎಲ್ಲವನ್ನೂ ನೋಡಿದ್ದು ಮೇಲಿನಿಂದ, ರಾಜಾಜಿನಗರದ ಕೈಗಾರಿಕಾ ವಸಾಹತಿನ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಕೂತು. ವಿಮಾನದಿಂದ ತೆಗೆದ ಚಿತ್ರಗಳನ್ನು ನೋಡಿ ನಕ್ಷೆ ಬರೆಯುವುದು ನಮ್ಮ ಕೆಲಸವಾಗಿತ್ತು.

ಈಚೆಗೆ ನಮ್ಮ ಮನೆಯ ಮೇಲಿನ ಪೋರ್ಷನ್ನಿಗೆ ಗದಗದ ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಇದೇ ಕೆಲಸಕ್ಕೆ ಸೇರಿದ್ದಾಳಂತೆ. ಹೇಗಿದೆ ಕೆಲಸ ಎಂದು ಕೇಳಿದರೆ, "ದಿನಾ ಬರೇ ಚುಕ್ಕಿ ಅಳಸೋದ ಆಗೇತ್ರಿ ಆಂಟಿ, ಇದ್ರಾಗ ಏನೈತಿ?" ಅಂದಳು. ಅವಳಿಗೆ ಉತ್ತರ ಹೇಳಲು ಹೋಗಿ ಮಾತು ಉದ್ದವಾಯಿತು. ಅವಳಂತೆ ಹೊಸದಾಗಿ ಸೇರಿದವರು ಇನ್ನೂ ಎಷ್ಟೋ ಮಂದಿ ಇರಬೇಕು ಅನ್ನಿಸಿ ಬರೆಯಲು ಕೂತಿದ್ದೇನೆ.

ನಾನು ರಾಣೆಬೆನ್ನೂರಿನವಳು. ಡ್ರಾಫ್ಟ್ಸ್‌ಮನ್ ಕೋರ್ಸ್ ಮುಗಿಸಿ, ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದೆ. ಮನೆಯಲ್ಲಿ ಕೂತು ಬೇಸರವಾಗಿ ಕೆಲಸ ಹುಡುಕುತ್ತ ಆ ಕಂಪನಿಗೆ ಹೋದಾಗ ನನ್ನನ್ನು ಮಾತಾಡಿಸಿದವರು ನಂಜುಂಡಯ್ಯ ಸಾರ್. ಸರ್ಕಾರಿ ಸರ್ವೆ ಕೆಲಸವನ್ನು ಅರ್ಧಕ್ಕೇ ಬಿಟ್ಟು ಇಲ್ಲಿ ತಾಂತ್ರಿಕ ಮುಖ್ಯಸ್ಥರಾಗಿ ಬಂದಿದ್ದರು. ಕೆಂಗೇರಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಬಿಸಿಲಲ್ಲಿ ಸರಪಳಿ ಎಳೆದು ಹೊಲ ಅಳೆದವರಾದ್ದರಿಂದ ಮುಖ, ಕೈ ಎರಡೂ ಕರ್ರಗಾಗಿದ್ದವು. ನನ್ನ ಅಂಕಪಟ್ಟಿಯನ್ನು ಅವರು ತೆರೆದೂ ನೋಡಲಿಲ್ಲ. ಒಂದೇ ಜಾಗದ ಎರಡು ಕಪ್ಪುಬಿಳುಪು ಫೋಟೊಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಅವುಗಳ ಮೇಲೆ ಕನ್ನಡಿಗಳಿದ್ದ ಒಂದು ಸಾಧನವನ್ನು ನಿಲ್ಲಿಸಿದರು. ಅದರ ಹೆಸರು ಸ್ಟೀರಿಯೋಸ್ಕೋಪ್ ಎಂದು ನನಗೆ ಆಮೇಲೆ ಗೊತ್ತಾಯಿತು.

ಕಣ್ಣಿಟ್ಟು ನೋಡಿದೆ. ಮೊದಲು ಎರಡು ಚಿತ್ರಗಳು ಒಂದರ ಮೇಲೊಂದು ಜಾರಾಡಿದವು. ಸಾರ್ ಒಂದು ಫೋಟೊವನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಸರಿಸುತ್ತಿದ್ದರು. ಇದ್ದಕ್ಕಿದ್ದಂತೆ ಎರಡೂ ಕೂಡಿಕೊಂಡು, ಕಾಗದದೊಳಗಿಂದ ಒಂದು ಗುಡ್ಡ ನನ್ನ ಮೂಗಿನ ತನಕ ಎದ್ದು ಬಂತು. ಬಂಡೆಗಳು, ಬಂಡೆ ನಡುವಿನ ಕುರುಚಲು, ತುದಿಯಲ್ಲಿ ಒಂದು ಪುಟ್ಟ ಗುಡಿ, ಎಲ್ಲವೂ ಕೈಯಲ್ಲಿ ಮುಟ್ಟಬಹುದು ಅನ್ನುವ ಹಾಗಿತ್ತು. ನಾನು ಗಾಬರಿಯಾಗಿ ಮುಖ ಹಿಂದಕ್ಕೆ ಎಳೆದುಕೊಂಡೆ.

"ಬಂತಾ ಮೇಲಕ್ಕೆ?" ಎಂದು ಕೇಳಿದರು.

"ಬಂತು ಸಾರ್."

"ಸರಿ, ನಾಳೆಯಿಂದ ಬಾಮ್ಮ."

ಅಷ್ಟೇ ನನ್ನ ಸಂದರ್ಶನ. ಆ ಗುಡ್ಡ ಕೆಂಗೇರಿಯಾಚೆ ಇರುವುದು, ಆಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಅದರ ಮುಂದೆ ಹಾದು ಹೋಗಿದ್ದೇನೆ. ಕೆಳಗಿನಿಂದ ನೋಡಿದರೆ ಅದು ಬರೀ ಗುಡ್ಡ. ಆದರೆ ಮೊದಲ ದಿನ ಅದು ಕಂಡ ರೀತಿ ಎಷ್ಟೋ ವರ್ಷ ನನ್ನ ಕಣ್ಣಲ್ಲಿ ಉಳಿದಿತ್ತು. ಎಲ್ಲರಿಗೂ ಹಾಗೆ ಕಾಣುವುದಿಲ್ಲ. ಚೆನ್ನಾಗಿ ಓದಿದ್ದ ಹುಡುಗನೊಬ್ಬ ವಾರವಿಡೀ ಕಣ್ಣು ಕಿರಿದು ಮಾಡಿಕೊಂಡು ಕೂತು, ಕೊನೆಗೂ ಕಾಣದೆ, ಕಂಡಿತು ಎಂದು ಸುಳ್ಳು ಹೇಳಲು ಮನಸ್ಸಾಗದೆ ಬೇರೆ ಕೆಲಸ ಹುಡುಕಿಕೊಂಡ.

ನಮ್ಮ ಕೆಳಗಿನ ಅಂತಸ್ತಿನಲ್ಲಿ ಒಂದು ಪವರ್ ಪ್ರೆಸ್ ಇತ್ತು. ಅದು ತಗಡು ಗುದ್ದಿದಾಗಲೆಲ್ಲ ನಮ್ಮ ಬೆಟ್ಟಗಳು ನಡುಗುತ್ತಿದ್ದವು. ಆಗ ಯಂತ್ರಗಳೆಲ್ಲ ಕೈಚಕ್ರ ತಿರುಗಿಸುವಂಥವು. ಬಲಗೈಯಲ್ಲಿ ಒಂದು ಚಕ್ರ, ಎಡಗೈಯಲ್ಲಿ ಒಂದು, ಎತ್ತರ ಇಳಿತಕ್ಕೆ ಕಾಲಿನ ಕೆಳಗೊಂದು ತಟ್ಟೆ. ಒಂದು ಬೆಳಕಿನ ಚುಕ್ಕಿಯನ್ನು ನೆಲಕ್ಕೆ ಸರಿಯಾಗಿ ತಾಕಿಸಿಕೊಂಡು, ಬೆಟ್ಟದ ಸುತ್ತ ನಡೆಸಿಕೊಂಡು ಹೋದರೆ ಅದು ನಕ್ಷೆಯ ಮೇಲೆ ಗೆರೆಯಾಗುತ್ತಿತ್ತು. ಚುಕ್ಕಿ ಸ್ವಲ್ಪ ಮೇಲೆದ್ದರೆ ಗಾಳಿಯಲ್ಲಿ, ಸ್ವಲ್ಪ ಇಳಿದರೆ ಮಣ್ಣೊಳಗೆ. ಹಾಗಾಗಿ ಸೂಕ್ಷ್ಮ ಕೆಲಸವನ್ನೆಲ್ಲ ಕೆಳಗಿನವರು ಊಟಕ್ಕೆ ಎದ್ದಾಗ ಮಾಡುತ್ತಿದ್ದೆವು. ನಮ್ಮ ರೊಟ್ಟಿ, ಶೇಂಗಾ ಚಟ್ನಿ ಆಮೇಲೆ.

ಸ್ಕಾಟ್ಲೆಂಡಿನ ಹೆಸರು ನಾನು ಮೊದಲು ಕೇಳಿದ್ದು ಅಲ್ಲೇ. ಬ್ರಿಟನ್ನಿನ ಉತ್ತರದಲ್ಲಿರುವ ಆ ಗುಡ್ಡಗಾಡು ನಾಡಿನ ನಕ್ಷೆ ಕೆಲಸ ನಮಗೆ ಆಗಾಗ ಬರುತ್ತಿತ್ತು. ನನ್ನ ಜೊತೆಗೇ ಸೇರಿದ್ದ ಲಗ್ಗೆರೆಯ ಯೂಸುಫ್ ಮೊದಲ ತಿಂಗಳಲ್ಲಿ ಮಾಡಿದ ಎಡವಟ್ಟೂ ಅಲ್ಲಿಯದೇ. ಹುಲ್ಲುಗಾವಲಿನ ತುಂಬ ಬಿಳಿ ಬಂಡೆಗಳು, ಅದರಲ್ಲಿ ಕೆಲವು ನೆಲ ಬಿಟ್ಟು ಮೇಲೆ ತೇಲುತ್ತಿವೆ ಎಂದು ಅವನು ಹೇಳಿದ. ನಾವು ನೋಡಲಿಲ್ಲ, ನಕ್ಕು ಬಿಟ್ಟೆವು. ಅವನು ಪಾಪ ಒಂದೊಂದು ಬಂಡೆಯ ಎತ್ತರವನ್ನೂ ಅಳೆದು ನಕ್ಷೆಗೆ ಹಾಕಿದ. ಗಿರಾಕಿಗಳಿಂದ ಮರ್ಯಾದೆಯ ಉತ್ತರ ಬಂತು: ನಕ್ಷೆ ಚೆನ್ನಾಗಿದೆ, ಆದರೆ ನೀವು ತೋರಿಸಿರುವ ಬಂಡೆಗಳು ಈಗ ಪಕ್ಕದ ಹೊಲದಲ್ಲಿ ಮೇಯುತ್ತಿವೆ. ಅವು ಕುರಿಗಳು. ಒಂದು ಫೋಟೊಗೂ ಇನ್ನೊಂದು ಫೋಟೊಗೂ ನಡುವೆ ನಾಲ್ಕು ಹೆಜ್ಜೆ ನಡೆದ ಪ್ರಾಣಿ ಹಾಗೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ನಂಜುಂಡಯ್ಯ ಸಾರ್ ಬೈಯಲಿಲ್ಲ. ಅಂದಿನಿಂದ ಹೊಸಬರು ಬಂದಾಗಲೆಲ್ಲ ಕುರಿಯ ಪಾಠವನ್ನು ಯೂಸುಫನೇ ಮಾಡಬೇಕು ಎಂದು ಗೊತ್ತು ಮಾಡಿದರು. ಅವನು ಅದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದ.

ವರ್ಷಗಳು ಉರುಳಿದವು. ಕೈಚಕ್ರದ ಯಂತ್ರಗಳು ಗುಜರಿಗೆ ಹೋದವು. ಫಿಲ್ಮ್ ಹೋಗಿ ಕಂಪ್ಯೂಟರ್ ಬಂತು, ಕಪ್ಪು ಕನ್ನಡಕ ಹಾಕಿಕೊಂಡು ಪರದೆಯೊಳಗೆ ಬೆಟ್ಟ ನೋಡುವುದಾಯಿತು. ಕೆಳಗಿನ ಪವರ್ ಪ್ರೆಸ್ ಕೂಡ ಪೀಣ್ಯದ ಕಡೆ ಹೋಯಿತು. ಆಮೇಲೆ ಬಂದದ್ದು ಲೇಸರ್.

ಹೊಸಬರು ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಯಾಕೆಂದರೆ ಈಗ ನಿಮ್ಮ ಕೆಲಸವೆಲ್ಲ ಇದೇ. ವಿಮಾನ ಹಾರುತ್ತ ಕೆಳಕ್ಕೆ ಬೆಳಕಿನ ಕಿರಣಗಳನ್ನು ಸುರಿಯುತ್ತದೆ. ಕಿರಣ ಎಲ್ಲಿ ಬಡಿದು ಹಿಂತಿರುಗಿತೋ ಅಲ್ಲೊಂದು ಚುಕ್ಕಿ. ಕಾಡಿನ ಮೇಲೆ ಸುರಿದರೆ ಹೆಚ್ಚಿನವು ಎಲೆಗೆ, ಕೊಂಬೆಗೆ ತಾಗಿ ವಾಪಸಾಗುತ್ತವೆ. ಕೆಲವು ಮಾತ್ರ ಸಂದಿಯಲ್ಲಿ ನುಸುಳಿ ನೆಲ ಮುಟ್ಟುತ್ತವೆ. ಎಲೆಯ ಚುಕ್ಕಿಗಳನ್ನೆಲ್ಲ ತೆಗೆದು ನೆಲದ ಚುಕ್ಕಿಗಳನ್ನು ಉಳಿಸಿಕೊಂಡರೆ, ಒಂದು ಮರವನ್ನೂ ಕಡಿಯದೆ ಇಡೀ ಕಾಡಿನ ಕೆಳಗಿನ ಮಣ್ಣು ಬರಿಮೈಯಾಗಿ ಎದುರಿಗೆ ಬರುತ್ತದೆ. ಹೆಚ್ಚಿನ ಕೆಲಸವನ್ನು ಸಾಫ್ಟ್‌ವೇರ್ ತಾನೇ ಮಾಡುತ್ತದೆ. ಆದರೆ ಅದಕ್ಕೆ ಗಿಡದ ಬುಡಕ್ಕೂ ಮೊಂಡುಗೋಡೆಗೂ ವ್ಯತ್ಯಾಸ ತಿಳಿಯುವುದಿಲ್ಲ. ನೆಲದಿಂದ ಥಟ್ಟನೆ ಎದ್ದದ್ದನ್ನೆಲ್ಲ ಅದು ಗಿಡ ಎಂದೇ ತಿಳಿದು ಅಳಿಸಿ, ಜಾಗವನ್ನು ನುಣ್ಣಗೆ ಮಾಡಿಬಿಡುತ್ತದೆ. ಅದನ್ನು ಕಣ್ಣಿಟ್ಟು ನೋಡುವುದಕ್ಕೆ ಮನುಷ್ಯರು ಬೇಕು.

ನನ್ನ ನಿವೃತ್ತಿಗೆ ಇನ್ನು ಸ್ವಲ್ಪ ಕಾಲ ಇದ್ದಾಗ ಸ್ಕಾಟ್ಲೆಂಡಿನ ಒಂದು ಕಾಡಿನ ಕೆಲಸ ಬಂತು. ಸೌದೆಗಾಗಿ ಅಲ್ಲ, ದಿಮ್ಮಿಗಾಗಿ ಸಾಲಾಗಿ ನೆಟ್ಟ ಸೂಜಿ ಎಲೆಯ ಮರಗಳು. ಒತ್ತೊತ್ತಾಗಿ ಬೆಳೆದು ಕಡಿಯುವ ಕಾಲಕ್ಕೆ ಬಂದಿದ್ದವು. ದೊಡ್ಡ ಯಂತ್ರಗಳು ಒಳಗೆ ಹೋಗಲು ದಾರಿ ಮಾಡಬೇಕಿತ್ತು, ಅದಕ್ಕೆ ನೆಲದ ಏರಿಳಿತ ಬೇಕಿತ್ತು. ದಾರಿ ಎಲ್ಲಿ ಹಾದುಹೋಗಬೇಕೆಂದು ಅವರು ಮೊದಲೇ ಒಂದು ಕೆಂಪು ಗೆರೆ ಎಳೆದು ಕಳಿಸಿದ್ದರು. ನಮಗೆ ಬಂದ ಸೂಚನೆ ಸರಳವಾಗಿತ್ತು: ಮರ ತೆಗೆಯಿರಿ, ನೆಲ ನುಣ್ಣಗೆ ಮಾಡಿ, ಬೇಗ ಕಳಿಸಿ.

ಸಾಫ್ಟ್‌ವೇರ್ ಕೊಟ್ಟ ನೆಲ ನೋಡಿದಾಗ ಕೆಂಪು ಗೆರೆಯ ಮಧ್ಯದಲ್ಲಿ ಒಂದು ದಿಬ್ಬ ಕಂಡಿತು. ಅದರ ಒಂದು ಅಂಚು ಮಾತ್ರ ನೇರವಾಗಿತ್ತು. ಮಣ್ಣಿಗೆ ನೇರ ಗೆರೆ ಬರೆಯುವ ಅಭ್ಯಾಸವಿಲ್ಲ. ಅಳಿಸಿಹೋಗಿದ್ದ ಚುಕ್ಕಿಗಳನ್ನು ಆ ಜಾಗದಲ್ಲಿ ವಾಪಸ್ ಕರೆದು, ಒಂದೊಂದೇ ಪದರವನ್ನು ನೋಡಿ ಎಲೆಯನ್ನು ಬೇರೆ ಮಾಡಿದೆ. ಸಂಜೆಯಾಗುವಷ್ಟರಲ್ಲಿ ದಿಬ್ಬದ ನೆತ್ತಿ ಸಾಫಾಯಿತು. ನಮ್ಮಲ್ಲಿ ಇನ್ನೊಂದು ಸೌಕರ್ಯವಿದೆ, ಪರದೆಯ ಮೇಲಿನ ಸೂರ್ಯನನ್ನು ನಮಗೆ ಬೇಕಾದ ಕಡೆ ಇಡಬಹುದು. ಸೂರ್ಯನನ್ನು ಪಡುವಣ ಅಂಚಿಗೆ ಇಳಿಸಿದೆ. ಉದ್ದುದ್ದ ನೆರಳು ಬಿತ್ತು.

ಆಗ ಕಂಡದ್ದನ್ನು ಹೇಗೆ ಹೇಳಲಿ. ದಿಬ್ಬದ ಮೇಲೆ ಚೌಕವಾದ ಒಂದು ಬುರುಜಿನ ತಳಪಾಯ, ದಪ್ಪ ಗೋಡೆಯ ನಾಲ್ಕು ಮೂಲೆ. ಅದರ ಸುತ್ತ ಕಂದಕ. ಕಂದಕದಾಚೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ತೋಟದ ಸುತ್ತ ಗೋಡೆ, ಗೋಡೆಯ ನಡುವೆ ಬಾಗಿಲಿಗೆ ಬಿಟ್ಟ ಜಾಗ. ಅಲ್ಲಿಂದ ಅಗಲವಾದ ದಾರಿ ಹೊಳೆಯವರೆಗೆ. ತೋಟದಾಚೆಯ ದಿಣ್ಣೆಯ ಮೇಲೆ ಒಂದು ಸಾಲು ಪುಟ್ಟ ಮನೆಗಳ ಅಡಿಪಾಯ, ಒಂದೊಂದರ ಹಿಂದೆಯೂ ಅಂಗೈ ಅಗಲದ ಹಿತ್ತಿಲು, ಮನೆಗಳ ಮುಂದೆ ಯಾರೋ ಉತ್ತ ಹೊಲದ ಏರಿಗಳು. ಒಂದು ಇಡೀ ಬದುಕು ಕತ್ತಲಲ್ಲಿ ಕೂತಿತ್ತು. ನಾನು ಸೂರ್ಯನನ್ನು ಸರಿಸಿದಂತೆಲ್ಲ ಇಷ್ಟಿಷ್ಟೇ ಮೇಲೆದ್ದು ಬರುತ್ತಿತ್ತು. ಯೂಸುಫನನ್ನು ಕರೆದೆ. ಅವನಾಗ ನನ್ನ ಪಕ್ಕದ ತಂಡದ ಮುಖ್ಯಸ್ಥ. ಬಂದು ನಿಂತು ನೋಡಿದವನು ಕುರ್ಚಿ ಎಳೆದುಕೊಂಡು ಕೂತುಬಿಟ್ಟ.

ಮಾರನೆಯ ದಿನ ಈ ಸಂಗತಿಯನ್ನು ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಸಂತೋಷನಿಗೆ ತೋರಿಸಿದೆ. ಒಳ್ಳೆಯ ಹುಡುಗ, ಆದರೆ ಕೆಲಸ ಹೊತ್ತಿಗೆ ಸರಿಯಾಗಿ ಹೋಗಬೇಕೆಂಬ ಚಿಂತೆ ಅವನದು. ನೆಲ ನುಣ್ಣಗೆ ಬೇಕೆಂದು ಅವರೇ ಕೇಳಿದ್ದಾರೆ, ಅವರ ಜಾಗದಲ್ಲಿ ಏನಿದೆ ಏನಿಲ್ಲ ಎಂದು ನಾವು ಹೇಳಲು ಹೋಗುವುದು ಒಪ್ಪಂದದಲ್ಲಿಲ್ಲ ಎಂದ. ಅದೂ ಸುಳ್ಳಲ್ಲ. ಆದರೆ ನಾವು ನುಣ್ಣಗೆ ಮಾಡಿ ಕಳಿಸಿದರೆ ದಾರಿ ಮಾಡುವವರಿಗೆ ಅಲ್ಲಿ ಕಾಣುವುದು ಒಂದು ಸಣ್ಣ ಉಬ್ಬು ಮಾತ್ರ. ಯಂತ್ರ ತಂದು ಒಂದೇ ಬೆಳಗ್ಗೆ ಸಮ ಮಾಡಿಬಿಡುತ್ತಾರೆ.

ನಂಜುಂಡಯ್ಯ ಸಾರಿಗೆ ಆಗ ವಯಸ್ಸಾಗಿತ್ತು. ಸಲಹೆಗಾರರಾಗಿ ವಾರದಲ್ಲಿ ಒಂದೆರಡು ದಿನ ಬರುತ್ತಿದ್ದರು. ನಾನೂ ಸಂತೋಷನೂ ಅವರ ಮುಂದೆ ಹೋದೆವು. ಅವರು ಕನ್ನಡಕ ಹಣೆಗೇರಿಸಿ ಪರದೆಯ ಹತ್ತಿರಕ್ಕೆ ಬಗ್ಗಿ ಬಹಳ ಹೊತ್ತು ನೋಡಿದರು. ಸೂರ್ಯನನ್ನು ಆ ಕಡೆ ಇಡು, ಈ ಕಡೆ ಇಡು ಎಂದರು. ಆಮೇಲೆ ಸಂತೋಷನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನೋಡಪ್ಪ, ನೆಲದಲ್ಲಿ ಏನಿದೆಯೋ ಅದನ್ನ ತೋರ್ಸೋದಕ್ಕೆ ನಮಗೆ ಸಂಬ್ಳ ಕೊಡ್ತಾರೆ. ಇರೋದನ್ನ ಇಲ್ಲ ಅನ್ನೋದಕ್ಕಲ್ಲ. ಎರಡೂ ಕಳ್ಸು. ಅವರು ಕೇಳಿದ್ದೂ ಕಳ್ಸು, ಇವಳು ಕಂಡಿದ್ದೂ ಕಳ್ಸು."

ಸಂತೋಷ ಒಪ್ಪಿ ಎರಡನ್ನೂ ಕಳಿಸಿದ. ಉತ್ತರ ಬಂದಾಗ ನನಗೆ ಮುಖಕ್ಕೆ ಹೊಡೆದಂತಾಯಿತು. ಅಲ್ಲೊಂದು ಕೋಟೆ, ಎಸ್ಟೇಟು ಇದ್ದದ್ದು ಅವರಿಗೆ ಗೊತ್ತಿತ್ತು, ಹಳೆಯ ನಕ್ಷೆಗಳಲ್ಲಿ ಇತ್ತು. ಎಸ್ಟೇಟಿನ ಮಾಲೀಕರು ಕೈಬಿಟ್ಟ ಮೇಲೆ ಬುರುಜನ್ನು ಕೆಡವಿ ಕಲ್ಲುಗಳನ್ನು ಬೇರೆ ಕಟ್ಟಡಗಳಿಗೆ ಸಾಗಿಸಿದ್ದರು. ಉಳಿದದ್ದು ಮರ ನೆಡುವಾಗ ಟ್ರ್ಯಾಕ್ಟರಿನ ಭಾರೀ ನೇಗಿಲಿಗೆ ಸಿಕ್ಕಿ ಪುಡಿಯಾಯಿತು, ಈಗ ಅಲ್ಲೇನೂ ಇಲ್ಲ, ನುಣ್ಣಗಿನದನ್ನೇ ಬಳಸಿಕೊಳ್ಳುತ್ತೇವೆ ಎಂದಿದ್ದರು. ಕಡಿಯುವ ಯಂತ್ರಗಳು ಆಗಲೇ ಕಾಡಿನ ಅಂಚಿಗೆ ಬಂದು ನಿಂತಿದ್ದವು.

ಯೂಸುಫ್ ಸುಮ್ಮನಿರಲಿಲ್ಲ. "ಅಕ್ಕಾ, ನೇಗಿಲು ಹೊಡ್ದಿದ್ರೆ ಸಾಲು ಕಾಣಬೇಕಲ್ಲ. ಅದನ್ನ ನೋಡೋಣ" ಎಂದ. ನಿಜ, ಅದು ನನಗೆ ಹೊಳೆದಿರಲಿಲ್ಲ. ಮರ ನೆಡಲು ಉತ್ತ ಸಾಲುಗಳು ಇಡೀ ಇಳಿಜಾರಿನಲ್ಲಿ ಬಾಚಣಿಗೆಯಿಂದ ಬಾಚಿದಂತೆ ಇದ್ದವು. ನಾವಿಬ್ಬರೂ ಒಂದೊಂದು ಸಾಲನ್ನು ಹಿಡಿದು ಮೇಲಿನಿಂದ ಕೆಳಕ್ಕೆ ನಡೆದೆವು. ದಿಬ್ಬದ ಹತ್ತಿರ ಬಂದಾಗ ಪ್ರತಿಯೊಂದು ಸಾಲೂ ಬಾಗಿತ್ತು. ಒಂದೂ ಬುರುಜಿನ ಮೇಲೆ ಹೋಗಿರಲಿಲ್ಲ. ಸುತ್ತಿ ಬಳಸಿ, ಆಚೆ ಬದಿಯಲ್ಲಿ ಮತ್ತೆ ನೇರವಾಗಿತ್ತು. ಪುಟ್ಟ ಮನೆಗಳ ಸಾಲಿನಲ್ಲೂ ಹಾಗೆಯೇ. ಟ್ರ್ಯಾಕ್ಟರನ್ನು ಓಡಿಸಿದ ಯಾರೋ ಒಬ್ಬ ಮನುಷ್ಯ, ಹೆಸರಿಲ್ಲದವನು, ಅಷ್ಟು ದೊಡ್ಡ ಇಳಿಜಾರಿನಲ್ಲಿ ಪ್ರತಿ ಸಾಲಿಗೂ ಸ್ಟೀರಿಂಗ್ ತಿರುಗಿಸಿ ಆ ಕಲ್ಲುಗಳನ್ನು ಬಿಟ್ಟು ಹೋಗಿದ್ದ. ನೇಗಿಲು ಮುರಿದೀತು ಎಂದು ತಿರುಗಿಸಿದನೋ, ಅಲ್ಲಿ ಜನ ಬಾಳಿದ್ದಾರೆ ಎಂದು ತಿರುಗಿಸಿದನೋ ಯಾರಿಗೆ ಗೊತ್ತು. ಸುತ್ತ ನೆಟ್ಟ ಮರಗಳ ಬೀಜ ಬಿದ್ದು, ಬಿಟ್ಟ ಜಾಗವನ್ನೂ ಮರ ತಾನಾಗಿ ಮುಚ್ಚಿಕೊಂಡಿತ್ತು.

ಬಾಗಿದ ಸಾಲುಗಳ ಚಿತ್ರವನ್ನು ಸಂತೋಷ ತಾನೇ ಮುತುವರ್ಜಿ ವಹಿಸಿ ಕಳಿಸಿದ. ಈ ಸಲ ಉತ್ತರ ಬರೆದವನು ಅಲ್ಲಿಯ ಸರ್ವೇಯರ್, ಕ್ಯಾಲಮ್ ಎಂಬವನು. ಯಂತ್ರಗಳನ್ನು ಕೆಲವೇ ದಿನ ತಡೆಯಬಲ್ಲೆ, ಅಷ್ಟರಲ್ಲಿ ಒಳಗೆ ಹೋಗಿ ನೋಡುತ್ತೇನೆ, ಆದರೆ ಆ ಮರಗಳ ಕೆಳಗೆ ಜಿಪಿಎಸ್ ದಾರಿ ತಪ್ಪಿಸುತ್ತದೆ, ನೀವು ಫೋನಿನಲ್ಲಿ ಇರುತ್ತೀರಾ ಎಂದು ಕೇಳಿದ್ದ.

ನಮ್ಮ ಮಧ್ಯಾಹ್ನ, ಅವರ ಬೆಳಗ್ಗೆ. ಮೀಟಿಂಗ್ ರೂಮಿನಲ್ಲಿ ನಾನು, ಯೂಸುಫ್, ಸಂತೋಷ, ನಂಜುಂಡಯ್ಯ ಸಾರ್. ಹೊರಗೆ ಆಟೋಗಳ ಹಾರ್ನು. ಫೋನಿನ ಪರದೆಯಲ್ಲಿ ಕಪ್ಪು ಕಾಡು, ಒಣಗಿದ ಕೆಳಕೊಂಬೆಗಳು ಮುರಿಯುವ ಸದ್ದು, ಕ್ಯಾಲಮ್ ಏದುಸಿರು ಬಿಡುವುದು. ಅವನಿಗೆ ತನ್ನ ಸುತ್ತ ನಾಲ್ಕು ಮಾರು ಕೂಡ ಕಾಣುತ್ತಿರಲಿಲ್ಲ. ನನಗೆ ಇಡೀ ಇಳಿಜಾರು ಕಾಣುತ್ತಿತ್ತು. ನನ್ನ ಇಂಗ್ಲಿಷಿಗೆ ನಾಚಿಕೊಳ್ಳುವಷ್ಟು ಪುರುಸೊತ್ತಿರಲಿಲ್ಲ. ಕಾಲ ಕೆಳಗಿನ ಉಳುಮೆಯ ಸಾಲನ್ನು ಹಿಡಿದು ನಡೆ, ಅದು ಬಲಕ್ಕೆ ಬಾಗುತ್ತದೆ, ಬಾಗಿದ ಕಡೆ ಬಿಟ್ಟು ಎಡಕ್ಕೆ ಏರು, ಮುಂದೆ ಒಂದು ತಗ್ಗು ಸಿಗಬೇಕು ಎಂದು ಹೇಳುತ್ತ ಹೋದೆ. ಬಾಗಿತು ಎಂದ. ಏರುತ್ತಿದ್ದೇನೆ ಎಂದ. ತಗ್ಗಿಗೆ ಕಾಲು ಜಾರಿ ಕೂತೇಬಿಟ್ಟ. ಅದು ಕಂದಕ ಎಂದು ಹೇಳಿದೆ. ದಾಟಿ ನೇರ ಮೇಲೆ ಹತ್ತು, ಕೈ ಚಾಚಿದರೆ ಗೋಡೆ ಸಿಗುತ್ತದೆ.

ಸ್ವಲ್ಪ ಹೊತ್ತು ಬರೀ ಪಾಚಿ ಕಾಣಿಸಿತು. ದಪ್ಪ, ಹಸಿರು, ಕಂಬಳಿಯಂಥ ಪಾಚಿ. ಕ್ಯಾಲಮ್ ಅದರ ಅಂಚಿಗೆ ಬೆರಳು ಹಾಕಿ ಮೆಲ್ಲಗೆ ಸುಲಿದ. ಕೆಳಗೆ ಕಲ್ಲು. ಉಳಿಯಿಂದ ಕೆತ್ತಿ ಮೂಲೆ ಮಾಡಿದ ಕಲ್ಲು, ಅದರ ಕೆಳಗೆ ಅಂಥದೇ ಇನ್ನೊಂದು, ಅದರ ಕೆಳಗೆ ಮತ್ತೊಂದು. ಅವನು ಫೋನನ್ನು ಕಲ್ಲಿನ ಮೇಲೆ ಇಟ್ಟ. ನಮಗೆ ಆಕಾಶದ ಒಂದು ಚೂರು ಮಾತ್ರ ಕಾಣುತ್ತಿತ್ತು. ನಂಜುಂಡಯ್ಯ ಸಾರ್ ಯಾರಿಗೂ ಹೇಳದೆ ಎದ್ದು ನಿಂತಿದ್ದರು. ಅವರನ್ನು ನೋಡಿ ನಾವೂ ಎದ್ದೆವು.

ದಾರಿಯನ್ನು ಹೊಳೆಯ ಆಚೆ ಬದಿಗೆ ಸರಿಸಿದರು. ತೋಟದ ಒಂದು ಮೂಲೆ ಹಿಂದೆಯೇ ಬೇರೆ ದಾರಿಗೆ ಸಿಕ್ಕಿ ಹೋಗಿತ್ತು, ಅದನ್ನು ಏನೂ ಮಾಡುವ ಹಾಗಿರಲಿಲ್ಲ. ಬುರುಜು, ಕಂದಕ, ಮನೆಗಳ ಸಾಲು ಉಳಿದವು. ಅಷ್ಟಕ್ಕೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಕೆಲವು ವಾರದ ನಂತರ ಕ್ಯಾಲಮ್ ಮತ್ತೆ ಮಾತಾಡಿದ. ಆ ಕಾಡಿನ ಪಕ್ಕದ ಊರಿನಲ್ಲಿ ಇಸೊಬೆಲ್ ಎಂಬ ಹಿರಿಯ ಹೆಂಗಸು ಇದ್ದಾರೆ, ಅವರ ತಾಯಿ ಹುಟ್ಟಿದ್ದು ಆ ಪುಟ್ಟ ಮನೆಗಳಲ್ಲಿ ಒಂದರಲ್ಲಿ, ಅಜ್ಜ ಎಸ್ಟೇಟಿನ ತೋಟದಲ್ಲಿ ದುಡಿಯುತ್ತಿದ್ದವರು ಎಂದ. ಅಲ್ಲಿ ಮನೆಗಳ ಗುರುತು ಉಳಿದಿದೆ ಎಂದು ಆಕೆ ಎಷ್ಟೋ ವರ್ಷದಿಂದ ಹೇಳುತ್ತಿದ್ದರಂತೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ತನ್ನ ತಾಯಿಯ ಮನೆ ಯಾವುದು ಎಂದು ಗೊತ್ತಾಗಬಹುದೇ ಎಂದು ಕೇಳಿದ್ದರು. ಆಕೆಗೆ ಗೊತ್ತಿದ್ದದ್ದು ಒಂದೇ. ಬಾಗಿಲಲ್ಲಿ ನಿಂತರೆ ಬುರುಜಿನ ಎರಡೂ ಪಕ್ಕದಲ್ಲಿ ನೀರು ಕಾಣುತ್ತಿತ್ತು ಎಂದು ತಾಯಿ ಹೇಳುತ್ತಿದ್ದರು. ತಾಯಿ ಇನ್ನೂ ಚಿಕ್ಕ ಹುಡುಗಿಯಾಗಿದ್ದಾಗಲೇ ಅವರ ಮನೆಯವರು ಆ ಜಾಗ ಬಿಟ್ಟಿದ್ದರು.

ಒಂದು ಜಾಗದಲ್ಲಿ ನಿಂತವರಿಗೆ ಏನೇನು ಕಾಣುತ್ತದೆ ಎಂದು ಲೆಕ್ಕ ಹಾಕುವ ಉಪಾಯ ನಮ್ಮಲ್ಲಿದೆ. ಪ್ರತಿ ಮನೆಯ ಬಾಗಿಲ ಜಾಗದಲ್ಲೂ ಒಬ್ಬರನ್ನು ನಿಲ್ಲಿಸಿ ನೋಡಿದೆ. ಕೆಲವು ಮನೆಗಳಿಗೆ ಹೊಳೆ ಬುರುಜಿನ ಎಡಕ್ಕೆ ಮಾತ್ರ ಕಾಣುತ್ತಿತ್ತು, ಕೆಲವಕ್ಕೆ ದಡದ ಏರಿ ಅಡ್ಡ ಬರುತ್ತಿತ್ತು. ಕೊನೆಗೆ ಎರಡು ಮನೆ ಉಳಿದವು. ಅಲ್ಲಿಗೆ ದಾರಿ ಮುಚ್ಚಿತು ಅಂದುಕೊಂಡಾಗ, ನಾನು ಬಾಗಿಲಲ್ಲಿ ನಿಲ್ಲಿಸಿದ್ದು ದೊಡ್ಡವರನ್ನು ಎಂಬುದು ತಲೆಗೆ ಬಂತು. ನೋಡಿದವಳು ಮಗು. ಕಣ್ಣಿನ ಎತ್ತರವನ್ನು ಒಂದು ಚಿಕ್ಕ ಹುಡುಗಿಯ ಎತ್ತರಕ್ಕೆ ಇಳಿಸಿದೆ. ಒಂದು ಮನೆಯಿಂದ ಬಲಗಡೆಯ ನೀರು ಮರೆಯಾಯಿತು. ಇನ್ನೊಂದು ಮನೆಯಿಂದ ಎರಡೂ ಉಳಿದವು.

ಇಸೊಬೆಲ್ ಅವರನ್ನು ಕ್ಯಾಲಮ್ ಕೈಹಿಡಿದು ಅಲ್ಲಿಗೆ ಕರೆದೊಯ್ದ. ಅವರು ಮಾತಾಡಿದ್ದು ಇಂಗ್ಲಿಷ್, ಅದೂ ನಮಗೆ ಹೊಸ ರಾಗದ ಇಂಗ್ಲಿಷ್. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪರದೆಯಲ್ಲಿ ಬಿಳಿ ಕೂದಲಿನ, ನೀಲಿ ಮಳೆಯಂಗಿ ತೊಟ್ಟ, ಬೆನ್ನು ಸ್ವಲ್ಪ ಬಾಗಿದ ಹೆಂಗಸು ಕಂಡರು. ಮೊಣಕಾಲೆತ್ತರದ ಎರಡು ಗೋಡೆಯ ತುದಿಗಳ ನಡುವೆ ಪಾಚಿ ಹತ್ತಿದ ಒಂದು ಚಪ್ಪಡಿ ಕಲ್ಲು. ಅದು ಹೊಸ್ತಿಲು ಎಂದು ನಾನು ಹೇಳಿದೆ. ಅವರು ಅದರ ಮೇಲೆ ಹತ್ತಿ ನಿಂತು, ಹೊರಗೆ ಮುಖ ಮಾಡಿದರು. ಬಹಳ ಹೊತ್ತು ನೋಡಿದರು. ಅವರ ಮುಂದೆ ಮರದ ಹಿಂದೆ ಮರ ಬಿಟ್ಟರೆ ಏನೂ ಇರಲಿಲ್ಲ.

"ನನಗೆ ಮರ ಮಾತ್ರ ಕಾಣ್ತಿದೆ," ಎಂದರು. "ನಿಮಗೆ ಕಾಣತ್ತಾ?"

ನನ್ನ ಪರದೆಯಲ್ಲಿ ಒಂದು ಮರವೂ ಇರಲಿಲ್ಲ. ನಾನು ನನ್ನ ನೋಟವನ್ನು ಆ ಹೊಸ್ತಿಲಿನ ಮೇಲೆ, ಆ ಹುಡುಗಿಯ ಎತ್ತರಕ್ಕೆ ತಂದು ನಿಲ್ಲಿಸಿದ್ದೆ. ಕಾಣುತ್ತದೆ ಎಂದೆ. ಎದುರಿಗೆ ಹೊಲದ ಏರಿಗಳಿವೆ, ಅಲೆ ಅಲೆಯಾಗಿ ಇಳಿಯುತ್ತವೆ. ಅದರಾಚೆ ತೋಟದ ಗೋಡೆ, ಗೋಡೆಯಲ್ಲಿ ಬಾಗಿಲು, ನಿಮ್ಮ ಅಜ್ಜ ಅಲ್ಲಿಂದಲೇ ಒಳಗೆ ಹೋಗುತ್ತಿದ್ದಿರಬೇಕು. ಅದರ ಮೇಲೆ ದಿಬ್ಬ, ದಿಬ್ಬದ ಮೇಲೆ ಬುರುಜು. ಎಡಕ್ಕೆ ಹೊಳೆ ಅಗಲವಾಗಿ ತಿರುಗುತ್ತದೆ.

"ಬಲಕ್ಕೆ?"

"ಬಲಕ್ಕೂ ಇದೆ. ಸ್ವಲ್ಪವೇ. ಬುರುಜಿನ ಬುಡಕ್ಕೆ ಅಂಟಿಕೊಂಡ ಹಾಗೆ ಒಂದು ಸಣ್ಣ ತುಂಡು."

ಅವರು ಬಲಗೈ ಎತ್ತಿ ಮರಗಳ ಕಡೆಗೆ ಬೆರಳು ತೋರಿಸಿದರು. "ಇಲ್ಲೇನಾ?"

ಕ್ಯಾಲಮ್ ಫೋನನ್ನು ಅವರ ಹಿಂದೆ ಹಿಡಿದಿದ್ದ. ನಾನು ಆ ಬೆರಳನ್ನೂ ನನ್ನ ಪರದೆಯನ್ನೂ ಒಟ್ಟಿಗೆ ನೋಡಿದೆ. ಇನ್ನೂ ಸ್ವಲ್ಪ ಎಡಕ್ಕೆ ಎಂದೆ. ಬೆರಳು ಸರಿಯಿತು. ಸ್ವಲ್ಪ ಕೆಳಕ್ಕೆ. ಬೆರಳು ಇಳಿಯಿತು.

"ಹಾಂ, ಅಲ್ಲೇ," ಎಂದೆ.

ಅವರು ಕೈ ಇಳಿಸಲಿಲ್ಲ. ಕತ್ತಲೆಯಂಥ ಆ ಮರಗಳ ಕಡೆಗೆ, ತಾಯಿ ನೋಡಿದ ನೀರಿನ ಕಡೆಗೆ ಬೆರಳು ತೋರುತ್ತಲೇ ನಿಂತಿದ್ದರು. ಯಾವುದೋ ಹಕ್ಕಿ ಕೂಗುತ್ತಿತ್ತು. ಇತ್ತ ನಮ್ಮ ಕೋಣೆಯಲ್ಲಿ ಫೋನ್ ಇಡೋಣ ಎಂದು ಯಾರಿಗೂ ತೋಚಲಿಲ್ಲ.